ಪ್ಲಾಂಟ್ ಹಾಡಿದ ಬೇರೆಯವರ ಹಾಡುಗಳು: 'ಡ್ರೀಮ್‌ಲ್ಯಾಂಡ್' ಯಾರ್ಯಾರು ಕೇಳಿದ್ದೀರಿ?

ಹಳೇಕ್ಯಾಸೆಟ್
ಬ್ರಿಟಿಷ್ ರಾಕ್ ತಂಡ ಲೆಡ್ ಜೆಪ್ಪೆಲಿನ್ ಬಗ್ಗೆ ಇಲ್ಲಿ ಬೇಕಾದಷ್ಟು ಜಗಳ ಆಡಿದ್ದೇವೆ. ಈ ಸಲ ಅದರ ಹಾಡುಗಾರನ ಹಿಂದೆ ಹೋಗೋಣ. ರಾಬರ್ಟ್ ಪ್ಲಾಂಟ್ 2002ರಲ್ಲಿ 'ಡ್ರೀಮ್‌ಲ್ಯಾಂಡ್' ಅಂತ ಒಂದು ಆಲ್ಬಂ ತಂದ. ಆಗ ಅವನಿಗೆ 53 ವರ್ಷ. ಒಂದೆರಡು ಬಿಟ್ಟರೆ ಮುಖ್ಯವಾದದ್ದೆಲ್ಲ ಬೇರೆಯವರ ಹಾಡು. ಅಮೆರಿಕದ ಕಪ್ಪು ಜನರ ಹಳೇ ಹಾಡಿನ ಶೈಲಿ ಬ್ಲೂಸ್ ಇದೆಯಲ್ಲ, ಅದರಲ್ಲಿ 1940ರ ಬುಕ್ಕಾ ವೈಟ್ ಹಾಡಿನಿಂದ ಹಿಡಿದು ಬಾನಿ ಡಾಬ್ಸನ್, ಟಿಮ್ ಬಕ್ಲಿ, ಬಾಬ್ ಡಿಲನ್, ಸ್ಕಿಪ್ ಸ್ಪೆನ್ಸ್ ತನಕ. 'ಹೇ ಜೋ' ಕೂಡ ಇದೆ.

ಪ್ಲಾಂಟ್ ಬದಲಾದದ್ದು 2007ರಲ್ಲಿ, ಅಮೆರಿಕದ ಹಾಡುಗಾರ್ತಿ, ಪಿಟೀಲು ವಾದಕಿ ಅಲಿಸನ್ ಕ್ರೌಸ್ ಜೊತೆ 'ರೈಸಿಂಗ್ ಸ್ಯಾಂಡ್' ಮಾಡಿದಾಗ ಅಂತ ಎಲ್ಲರೂ ಬರೆಯುತ್ತಾರೆ. ಅದಕ್ಕೆ 2009ರಲ್ಲಿ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಬಂತಲ್ಲ, ಹಾಗಾಗಿ ಎಲ್ಲರ ಕಣ್ಣಿಗೆ ಬಿತ್ತು. ನನ್ನ ಪ್ರಕಾರ ಅವನು ಬದಲಾದದ್ದು ಐದು ವರ್ಷ ಮೊದಲೇ, ಇದೇ ಆಲ್ಬಂನಲ್ಲಿ. 'ಸಾಂಗ್ ಟು ದ ಸೈರನ್' ಕೇಳಿ ನೋಡಿ. ಟಿಮ್ ಬಕ್ಲಿ 1970ರ ಆಲ್ಬಂನಲ್ಲಿ ಹಾಡಿದ್ದು ಅದು. 1983ರಲ್ಲಿ ಎಲಿಜಬೆತ್ ಫ್ರೇಜರ್ ಹಾಡಿದ್ದು ಇನ್ನೂ ಜಾಸ್ತಿ ಪ್ರಸಿದ್ಧ. ಅವರಿಬ್ಬರ ಮುಂದೆ ನಿಲ್ಲಬೇಕು ಅಂದಿದ್ದರೆ 1971ರ ಪ್ಲಾಂಟ್ ಏನು ಮಾಡುತ್ತಿದ್ದ? ಕಿರುಚುತ್ತಿದ್ದ, ಅಲ್ವಾ? ಇಲ್ಲಿ ಹಾಗೆ ಮಾಡುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಹಾಡು ಮುಗಿಸುತ್ತಾನೆ.

ಕೇಳಿದವರು ಬನ್ನಿ. ಕೇಳದವರು ಕೇಳಿ ಬನ್ನಿ.

ಜೆಪ್ಪೆಲಿನ್_ಹುಚ್ಚ
ಗುರು, ದನಿ ಏರದಿದ್ದರೆ ಅದು ವಯಸ್ಸು. ಅದಕ್ಕೆ ಕಲೆ ಅಂತ ಹೆಸರಿಡಬೇಡ.

ಹಳೇಕ್ಯಾಸೆಟ್
ವಯಸ್ಸು ಇರಲಿ. ಅದೇ ಆಲ್ಬಂನಲ್ಲಿ 'ಹೇ ಜೋ' ಕೊನೆಗೆ ಬಾ, ಬೇಕಾದ ಕಡೆ ಏರಿಸಿದ್ದಾನೆ. ಏರಿಸೋಕೆ ಬರುತ್ತದೆ, ಏರಿಸುವುದಿಲ್ಲ. ನಾನು ಹೇಳಿದ್ದು ಅದನ್ನೇ.

ಬಸವನಗುಡಿ_ಬ್ಲೂಸ್
ನಾನು ಬುಕ್ಕಾ ವೈಟ್ ಕಡೆಯಿಂದ ಬರುತ್ತೇನೆ. ಆಲ್ಬಂನ ಮೊದಲ ಹಾಡು 'ಫನ್ನಿ ಇನ್ ಮೈ ಮೈಂಡ್'. ಅದರ ಮೂಲ ವೈಟ್‌ನ 'ಫಿಕ್ಸಿನ್ ಟು ಡೈ ಬ್ಲೂಸ್'. ಅವನು ಮಿಸಿಸಿಪ್ಪಿಯವನು. ಪಾರ್ಚ್‌ಮನ್ ಫಾರ್ಮ್ ಅನ್ನೋ ಜೈಲಿನಲ್ಲಿದ್ದ. ಜಾನಪದ ಹಾಡು ಸಂಗ್ರಹಿಸುತ್ತಿದ್ದ ಜಾನ್ ಲೋಮ್ಯಾಕ್ಸ್ 1939ರಲ್ಲಿ ಅಲ್ಲಿಗೇ ಹೋಗಿ, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಇವನ ಹಾಡು ರೆಕಾರ್ಡ್ ಮಾಡಿಕೊಂಡಿದ್ದರು. ಬಿಡುಗಡೆಯಾದ ಮೇಲೆ 1940ರಲ್ಲಿ ಷಿಕಾಗೋಗೆ ಹೋಗಿ ಈ ಹಾಡನ್ನೂ ಇನ್ನೂ ಕೆಲವನ್ನೂ ರೆಕಾರ್ಡ್ ಮಾಡಿದ. ಒಂದು ಗಿಟಾರ್, ಜೊತೆಗೆ ತಾಳಕ್ಕೆ ವಾಷ್‌ಬೋರ್ಡ್, ಅಂದರೆ ಬಟ್ಟೆ ಉಜ್ಜುವ ಹಲಗೆ. ಅಷ್ಟೇ. ಸಾಯುವುದು ಗೊತ್ತಿರುವ ಗಂಡಸು, ತನ್ನ ಮಕ್ಕಳು ಅಳುತ್ತಾರಲ್ಲಾ ಅಂತ ಹಾಡುವ ಹಾಡು. ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಪ್ಲಾಂಟ್ ತಂಡ ಅದರ ಮೇಲೆ ಎರಡು ಗಿಟಾರ್, ಕೀಬೋರ್ಡ್, ಡ್ರಮ್ ಎಲ್ಲ ಸುರಿದಿದೆ. ಕೇಳೋಕೆ ಚೆನ್ನಾಗಿದೆ, ಸುಳ್ಳಲ್ಲ. ಆದರೆ ಆ ಮಕ್ಕಳ ಅಳು ಎಲ್ಲಿ ಹೋಯಿತು?

ಇನ್ನೊಂದು ವಿಷಯ, ಇದು ಸುಮ್ನೆ ಹೇಳುತ್ತೇನೆ. ಆಮೇಲೆ ವೈಟ್ ಎಲ್ಲಿದ್ದಾನೆ ಅಂತಲೇ ರೆಕಾರ್ಡ್ ಕೊಳ್ಳುವವರಿಗೆ ಗೊತ್ತಿರಲಿಲ್ಲ. ಅವನದೇ ಒಂದು ಹಾಡಿನಲ್ಲಿ ಆಬರ್ಡೀನ್ ಅನ್ನೋ ಊರಿನ ಹೆಸರು ಬರುತ್ತದೆ. 1963ರಲ್ಲಿ ಜಾನ್ ಫೇಹಿ ಮತ್ತು ಎಡ್ ಡೆನ್ಸನ್ ಅನ್ನೋ ಇಬ್ಬರು 'ಬುಕ್ಕಾ ವೈಟ್, ಹಳೇ ಬ್ಲೂಸ್ ಹಾಡುಗಾರ' ಅಂತ ಬರೆದು ಆಬರ್ಡೀನ್ ಅಂಚೆ ಕಚೇರಿಗೆ ಕಾಗದ ಹಾಕಿದರು. ಆ ಕಾಗದ ಹೇಗೋ ಅವನ ಕೈ ಸೇರಿತು! ಅವನು ಆಗ ಮೆಂಫಿಸ್‌ನಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ.

ಕರಾವಳಿ_ಕಿವಿ
ಅಂಚೆಯವನಿಗೆ ಒಂದು ಗ್ರ್ಯಾಮಿ ಕೊಡಬೇಕಿತ್ತು ಮಾರಾಯ್ರೆ.

ಡ್ರಮ್ಮರ್_ಮಗ
ಬಸವನಗುಡಿ ಸರ್, ನೀವು ಹೇಳಿದ ಹಾಡಿನ ಡ್ರಮ್ ಬಗ್ಗೆ ಒಂದು ಮಾತು. ನುಡಿಸಿದವನು ಕ್ಲೈವ್ ಡೀಮರ್. ಪೋರ್ಟಿಸ್‌ಹೆಡ್ ತಂಡದ ಜೊತೆ ನುಡಿಸುತ್ತಿದ್ದವನು. ಕೀಬೋರ್ಡಿನ ಜಾನ್ ಬ್ಯಾಗಟ್ ಕೂಡ ಆ ಕಡೆಯವನೇ. ಒಂದು ಗಿಟಾರ್ ದ ಕ್ಯೂರ್ ತಂಡದ ಪೋರ್ಲ್ ಥಾಂಪ್ಸನ್‌ದು. ಇವರು ಯಾರೂ ಬ್ಲೂಸ್ ಹುಡುಗರಲ್ಲ. ಅದಕ್ಕೇ ಹಾಡಿಗೆ ಹನ್ನೆರಡು ಬಾರ್, ಅಂದರೆ ಹನ್ನೆರಡು ಆವರ್ತದ, ಬ್ಲೂಸಿನ ವಾಸನೆ ಅಷ್ಟಾಗಿ ಇಲ್ಲ.

ಜೆಪ್ಪೆಲಿನ್ ಡ್ರಮ್ಮರ್ ಜಾನ್ ಬಾನಮ್ ಆಗಿದ್ದರೆ ಪ್ರತಿ ಸಾಲಿನ ಕೊನೆಗೂ ಒಂದು ಏಟು ಹಾಕಿ ಹಾಡನ್ನು ನಿಲ್ಲಿಸಿ, ಮತ್ತೆ ಎಬ್ಬಿಸುತ್ತಿದ್ದ. ಡೀಮರ್ ನಿಲ್ಲಿಸುವುದಿಲ್ಲ. ರಾಗಿ ಬೀಸುವ ಕಲ್ಲಿನ ಹಾಗೆ ತಾಳ ಸುತ್ತುತ್ತಲೇ ಇರುತ್ತದೆ. ಸ್ನೇರ್ ಮೇಲೆ ಕಡ್ಡಿ ಹೊಡೆಯುವುದಕ್ಕಿಂತ ಉಜ್ಜುತ್ತದೆ ಅನ್ನಿಸುತ್ತದೆ. ಅದರ ಮೇಲೆ ಪ್ಲಾಂಟ್ ಆರಾಮಾಗಿ ಹಿಂದೆ ಮುಂದೆ ಓಡಾಡಬಹುದು. ತಾಳದ ಜೊತೆ ಗುದ್ದಾಡಬೇಕಾಗಿಲ್ಲ. ಹಳೇಕ್ಯಾಸೆಟ್ ಅಣ್ಣ ಹೇಳುವ ಆ 'ಮೆತ್ತಗಿನ ದನಿ' ಬಂದದ್ದು ಅರ್ಧ ಇವನಿಂದ.

ಜೆಪ್ಪೆಲಿನ್_ಹುಚ್ಚ
ಬಾನಮ್ ಹೆಸರು ಎತ್ತಿದ್ದೀರಿ, ಹಾಗಾದರೆ 'ವೆನ್ ದ ಲೆವೀ ಬ್ರೇಕ್ಸ್' ಬಗ್ಗೆ ಮಾತಾಡಿ. ಹೆಡ್ಲಿ ಗ್ರೇಂಜ್ ಬಂಗಲೆಯ ಹಜಾರದಲ್ಲಿ ಡ್ರಮ್ ಇಟ್ಟು, ಮೆಟ್ಟಿಲ ಮೇಲಿನಿಂದ ಎರಡು ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ್ದು. ಅದೂ ಹಳೇ ಬ್ಲೂಸ್ ಹಾಡೇ. 1971ರಲ್ಲೇ ಬೇರೆಯವರ ಹಾಡನ್ನು ಹೊಸದಾಗಿ ಮಾಡಿ ತೋರಿಸಿದ್ದಾರೆ. 2002ರಲ್ಲಿ ಹೊಸದಾಗಿ ಏನು ಮಾಡಿದ?

ಬಸವನಗುಡಿ_ಬ್ಲೂಸ್
ಒಳ್ಳೇ ಹಾಡನ್ನೇ ಎತ್ತಿದೆ. ಅದು ಮೆಂಫಿಸ್ ಮಿನ್ನಿ ಮತ್ತು ಅವಳ ಗಂಡ ಕಾನ್ಸಸ್ ಜೋ ಮೆಕಾಯ್ 1929ರಲ್ಲಿ ರೆಕಾರ್ಡ್ ಮಾಡಿದ ಹಾಡು. 1927ರ ಮಿಸಿಸಿಪ್ಪಿ ಪ್ರವಾಹದ ಮೇಲೆ. ಅದರ ರಚನೆಕಾರರಲ್ಲಿ ಜೆಪ್ಪೆಲಿನ್‌ನವರು ಮಿನ್ನಿ ಹೆಸರನ್ನೂ ಹಾಕಿದರು, ಸರಿ. ಉಳಿದದ್ದಕ್ಕೆ?

'ಹೋಲ್ ಲಾಟಾ ಲವ್' ತಗೋ. ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ 'ಯೂ ನೀಡ್ ಲವ್', ಬರೆದದ್ದು ವಿಲ್ಲಿ ಡಿಕ್ಸನ್. ಅದರ ಮಾತುಗಳೇ ಜೆಪ್ಪೆಲಿನ್ ಹಾಡಿನಲ್ಲಿವೆ. ಡಿಕ್ಸನ್ ಹೆಸರು ಇರಲಿಲ್ಲ. ಅವನು 1985ರಲ್ಲಿ ಕೇಸು ಹಾಕಿದ, ಕೋರ್ಟಿನ ಹೊರಗೆ ರಾಜಿ ಆಯಿತು. ಆಮೇಲೆ ಹೆಸರು ಬಂತು. 'ಲೆಮನ್ ಸಾಂಗ್'ನಲ್ಲಿ ಹೌಲಿನ್ ವುಲ್ಫ್‌ನ 'ಕಿಲ್ಲಿಂಗ್ ಫ್ಲೋರ್' ಇದೆ. ಅದೂ ಹಾಗೇ ರಾಜಿಯಲ್ಲಿ ಮುಗಿಯಿತು. 'ಬೇಬ್ ಐಯಾಮ್ ಗಾನಾ ಲೀವ್ ಯೂ' ಜಾನಪದ ಅಂತ ಹಾಕಿದ್ದರು. ಅದು ಆನ್ ಬ್ರೆಡನ್ ಅನ್ನೋ ಹೆಂಗಸು ಬರೆದ ಹಾಡು. ಅವಳ ಹೆಸರು ಬಂದದ್ದು 1990ರ ಹೊತ್ತಿಗೆ. ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಹಾಡಿದ 'ನೋಬಡೀಸ್ ಫಾಲ್ಟ್ ಬಟ್ ಮೈನ್' ಮೇಲೆ ಜೆಪ್ಪೆಲಿನ್ ಗಿಟಾರಿನ ಜಿಮ್ಮಿ ಪೇಜ್ ಮತ್ತು ಪ್ಲಾಂಟ್ ಹೆಸರು.

ಜೆಪ್ಪೆಲಿನ್_ಹುಚ್ಚ
ಬ್ಲೂಸ್‌ನವರೇ ಒಬ್ಬರಿಂದ ಒಬ್ಬರು ಎತ್ತುತ್ತಿದ್ದರು ಸರ್. ರಾಬರ್ಟ್ ಜಾನ್ಸನ್ ಏನು ಎಲ್ಲ ಸ್ವಂತ ಮಾಡಿದನಾ? ಕೊಕೊಮೊ ಆರ್ನಾಲ್ಡ್‌ನಿಂದ ತಗೊಂಡ, ಸ್ಕಿಪ್ ಜೇಮ್ಸ್‌ನಿಂದ ತಗೊಂಡ. ಬ್ರಿಟಿಷ್ ಹುಡುಗರು ಮಾಡಿದರೆ ಮಾತ್ರ ಕಳ್ಳತನ.

ಬಸವನಗುಡಿ_ಬ್ಲೂಸ್
ತಗೊಂಡ, ನಿಜ. ಆದರೆ ರಾಬರ್ಟ್ ಜಾನ್ಸನ್‌ಗೆ ಅದರಿಂದ ಬಂದದ್ದೆಷ್ಟು, ಆರ್ನಾಲ್ಡ್‌ಗೆ ತಪ್ಪಿದ್ದೆಷ್ಟು? ಇಬ್ಬರೂ ಬಡವರೇ. ರೆಕಾರ್ಡಿನ ಮೇಲೆ 'ರಚನೆ' ಅಂತ ಯಾರ ಹೆಸರಿದೆಯೋ, ಪ್ರತಿ ರೆಕಾರ್ಡಿಗೂ, ರೇಡಿಯೋದಲ್ಲಿ ಹಾಕಿದ ಪ್ರತಿ ಸಲಕ್ಕೂ ಅವರಿಗೆ ಮತ್ತು ಅವರ ಪಬ್ಲಿಷರ್‌ಗೆ ಹಣ ಹೋಗುತ್ತದೆ. ಲಕ್ಷಗಟ್ಟಲೆ ಮಾರಾಟವಾಗುವ ಆಲ್ಬಂನಲ್ಲಿ ಆ ಒಂದು ಸಾಲು ಅಂದರೆ ಮನೆ, ಮಕ್ಕಳ ಫೀಸು, ಆಸ್ಪತ್ರೆ ಖರ್ಚು. ಹಾಡು ಎತ್ತಿದ್ದಕ್ಕೆ ನನಗೆ ಬೇಜಾರಿಲ್ಲ. ಆ ಸಾಲಿನಲ್ಲಿ ತಮ್ಮ ಹೆಸರು ಬರೆದುಕೊಂಡದ್ದಕ್ಕೆ ಬೇಜಾರು.

ಧಾರವಾಡ_ಪೇಡೆ
ಇಲ್ಲಿ ಒಂದು ಮಾತು ಸೇರಿಸಬೇಕ್ರೀ. ನಮ್ಮ ಶಿಶುನಾಳ ಷರೀಫರ ಹಾಡನ್ನು ಅಶ್ವತ್ಥ್ ಅವರು ಹಾಡಿದರು, ರಘು ದೀಕ್ಷಿತ್ ಗಿಟಾರ್ ಹಾಕಿ ಹಾಡಿದರು. ಯಾರೂ ಅದು ತಮ್ಮದು ಅನ್ನಲಿಲ್ಲ. ಅನ್ನೋಕೂ ಆಗುವುದಿಲ್ಲ. ಕೊನೇ ಸಾಲಿನಲ್ಲಿ 'ಶಿಶುನಾಳಾಧೀಶ' ಅಂತ ಅಂಕಿತ ಕೂತಿರುತ್ತದೆ. ಹಾಡಿನ ಒಳಗೇ ಹೆಸರು ಹೊಲಿದುಬಿಟ್ಟಿದ್ದಾರೆ, ಕಿತ್ತರೆ ಹಾಡೇ ಹರಿಯುತ್ತದೆ. ಆ ಬ್ಲೂಸ್‌ನವರಿಗೆ ಅಂಕಿತ ಇರಲಿಲ್ಲ ನೋಡ್ರೀ.

ಬಸವನಗುಡಿ_ಬ್ಲೂಸ್
ವಾಹ್. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಕರಾವಳಿ_ಕಿವಿ
ಆದರೆ ರಘು ದೀಕ್ಷಿತ್ ಹಾಡಿದ್ದು ಜಾಸ್ತಿ ಕುಣಿಸುತ್ತದೆ, ಷರೀಫರ ಅರ್ಥ ಹಿಂದೆ ಸರಿಯುತ್ತದೆ ಅಂತ ನನಗೆ...

ನಿರ್ವಾಹಕ
ಈ ಜಗಳಕ್ಕೆ ಬೇರೆ ಚರ್ಚೆ ಇದೆ, ನಾನೂರು ಉತ್ತರ ದಾಟಿದೆ. ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಪ್ಲಾಂಟ್ ಮಾತ್ರ.

ಟೊರಾಂಟೊ_ಕನ್ನಡತಿ
ನಮಸ್ಕಾರ. ಬಹಳ ದಿನ ಓದಿ ಸುಮ್ಮನಿರುತ್ತಿದ್ದೆ. ಬಾನಿ ಡಾಬ್ಸನ್ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಅವರು ನಾನಿರುವ ಟೊರಾಂಟೊ ಊರಿನವರೇ. ಡ್ರೀಮ್‌ಲ್ಯಾಂಡ್‌ನಲ್ಲಿರುವ 'ಮಾರ್ನಿಂಗ್ ಡ್ಯೂ' ಅವರ ಹಾಡು. 1961ರಲ್ಲಿ ಬರೆದದ್ದು. ಅಣುಯುದ್ಧ ಮುಗಿದ ಮೇಲೆ ಉಳಿದ ಕೊನೆಯ ಗಂಡು ಹೆಣ್ಣು ಮಾತಾಡಿಕೊಳ್ಳುವ ಹಾಡು. ಒಬ್ಬರು ಮಗುವಿನ ಅಳು ಕೇಳಿಸಿತು ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಪ್ರಶ್ನೆ, ಉತ್ತರ. ಅಷ್ಟರಲ್ಲೇ ಇಡೀ ಪ್ರಪಂಚ ಹೋಗಿದೆ ಅಂತ ಕೇಳುವವರಿಗೆ ಗೊತ್ತಾಗುತ್ತದೆ.

ಹೆಸರಿನ ವಿಷಯ ಇಲ್ಲೂ ಇದೆ. 1967ರಲ್ಲಿ ಟಿಮ್ ರೋಸ್ ಇದನ್ನು ಹಾಡಿ ಸಹ-ರಚನೆಕಾರ ಅಂತ ತನ್ನ ಹೆಸರು ಸೇರಿಸಿಕೊಂಡ. ಎಷ್ಟೋ ವರ್ಷ ಹಾಡಿನ ಕೆಳಗೆ ಎರಡು ಹೆಸರು. ಡಾಬ್ಸನ್ ಆಮೇಲೆ ಲಂಡನ್ನಿಗೆ ಹೋದರು, ಹಾಡುವುದು ಬಿಟ್ಟು ಬರ್ಕ್‌ಬೆಕ್ ಕಾಲೇಜಿನಲ್ಲಿ ಕೆಲಸ ಮಾಡಿದರು. ಅವರನ್ನು ನೆನಪಿಟ್ಟುಕೊಂಡವರು ಕಮ್ಮಿ.

2013ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಜಾನಪದ ಗಿಟಾರ್ ವಾದಕ ಬರ್ಟ್ ಜಾನ್ಷ್ ನೆನಪಿನ ಕಾರ್ಯಕ್ರಮ ನಡೆಯಿತು. ಅಲ್ಲಿ ಪ್ಲಾಂಟ್ ಮತ್ತು ಡಾಬ್ಸನ್ ಒಟ್ಟಿಗೆ ನಿಂತು 'ಮಾರ್ನಿಂಗ್ ಡ್ಯೂ' ಹಾಡಿದರು. ಹಾಡು ಬರೆದಾಕೆ ಪಕ್ಕದಲ್ಲೇ ಇದ್ದಾರೆ, ಜನಪ್ರಿಯ ಹಾಡುಗಾರ ಅವರ ಜೊತೆ ದನಿ ಸೇರಿಸುತ್ತಾನೆ. ಬಸವನಗುಡಿಯವರು ಹೇಳುವ ಸಿಟ್ಟು ನನಗೂ ಇದೆ. ಆದರೆ ಇದನ್ನೂ ಲೆಕ್ಕಕ್ಕೆ ತಗೋಬೇಕು ಅಲ್ವಾ?

ಹಳೇಕ್ಯಾಸೆಟ್
ಮೇಡಂ, ನಾನು ಹೇಳಬೇಕು ಅಂತಿದ್ದದ್ದು ಇದನ್ನೇ. 1969ರ ಹುಡುಗನಿಗೆ ಹಾಡು ಅಂದರೆ ಸಾಮಗ್ರಿ. ಎಲ್ಲಿ ಸಿಕ್ಕಿದರೂ ಎತ್ತು, ಬೆಳೆಸು, ಜೋರಾಗಿ ಹಾಡು. 2002ರಲ್ಲಿ ಹಾಡಿಗೆ ಒಬ್ಬ ಯಜಮಾನ, ಒಬ್ಬಳು ಯಜಮಾನಿ ಇದ್ದಾರೆ ಅಂತ ನೋಡಿ ಹಾಡುತ್ತಾನೆ.

ನಡುವೆ ಏನಾಯಿತು ಅಂತ ನೋಡಿ. 1998ರಲ್ಲಿ ಪೇಜ್ ಜೊತೆ ಕೊನೆಯ ಆಲ್ಬಂ. ಅದಾದ ಮೇಲೆ ದೊಡ್ಡ ಸ್ಟೇಡಿಯಂ ಬಿಟ್ಟು 'ಪ್ರಯರಿ ಆಫ್ ಬ್ರಯಾನ್' ಅಂತ ಪುಟ್ಟ ತಂಡ ಕಟ್ಟಿಕೊಂಡು ಸಣ್ಣ ಸಣ್ಣ ಸಭಾಂಗಣಗಳಲ್ಲಿ ಹಳೇ ಹಾಡು ಹಾಡುತ್ತಾ ತಿರುಗಿದ. ಅಲ್ಲಿ ಜನ ಮೂರಡಿ ದೂರ. ಕಿರುಚಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಡ್ರೀಮ್‌ಲ್ಯಾಂಡ್‌ನ ದನಿ ಅಲ್ಲಿ ತಯಾರಾದದ್ದು.

'ಹೇ ಜೋ' ವಿಷಯ ಇನ್ನೂ ಮಜಾ. 1967ರಲ್ಲಿ ಬ್ಯಾಂಡ್ ಆಫ್ ಜಾಯ್ ಜೊತೆ, ಇನ್ನೂ ಯಾರಿಗೂ ಗೊತ್ತಿಲ್ಲದ ಹುಡುಗನಾಗಿದ್ದಾಗಲೇ ಅದನ್ನು ರೆಕಾರ್ಡ್ ಮಾಡಿದ್ದ. 2003ರ 'ಸಿಕ್ಸ್ಟಿ ಸಿಕ್ಸ್ ಟು ಟಿಂಬಕ್ಟೂ' ಸಂಗ್ರಹದಲ್ಲಿ ಸಿಗುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. 1967ರಲ್ಲಿ ಹೆಂಡತಿಯನ್ನು ಕೊಂದು ಓಡುವ ಜೋ ಇವನ ಕಣ್ಣಿಗೆ ಹೀರೋ. 2002ರಲ್ಲಿ ಹಾಡು ನಿಧಾನ, ಕತ್ತಲು. ಕೇಳುವವನು ಜೋನನ್ನು ಪ್ರಶ್ನೆ ಮಾಡುತ್ತಿದ್ದಾನೆ ಅನ್ನಿಸುತ್ತದೆ.

ಜೆಪ್ಪೆಲಿನ್_ಹುಚ್ಚ
ನಿಧಾನ ಅಂದರೆ ನಿದ್ದೆ ಬರುವಷ್ಟು ನಿಧಾನ. ಅದೇ ಹಾಡಿಗೆ ಜಿಮಿ ಹೆಂಡ್ರಿಕ್ಸ್‌ಗೆ ಮೂರೂವರೆ ನಿಮಿಷ ಸಾಕಾಯಿತು.

ಕರಾವಳಿ_ಕಿವಿ
'ಹೇ ಜೋ' ವಿಷಯದಲ್ಲಿ ನಾನು ಹುಚ್ಚನ ಪಕ್ಷ. ಎಳೆದಿದ್ದಾನೆ. ಆದರೆ 'ಡಾರ್ಕ್‌ನೆಸ್ ಡಾರ್ಕ್‌ನೆಸ್' ಬಿಟ್ಟುಬಿಡಬೇಡಿ ಮಾರಾಯ್ರೆ. ಯಂಗ್‌ಬ್ಲಡ್ಸ್ 1969ರಲ್ಲಿ ಮಾಡಿದ ಹಾಡು, ಜೆಸ್ಸಿ ಕಾಲಿನ್ ಯಂಗ್ ಬರೆದದ್ದು. ಆಲ್ಬಂಗೆ ಗ್ರ್ಯಾಮಿಯಲ್ಲಿ ನಾಮನಿರ್ದೇಶನ ಸಿಕ್ಕಿತು, ಈ ಹಾಡಿಗೆ ಬೇರೆಯಾಗಿ ಒಂದು. ಹಾಡಿನ ಮೊದಲ ಅರ್ಧ ದನಿ ನೆಲದ ಮೇಲೇ ಇರುತ್ತದೆ. ಮಳೆಗಾಲದ ರಾತ್ರಿ ಕರೆಂಟ್ ಹೋದಾಗ ಕೇಳಿದ್ದೆ. ಫೋನಿನಲ್ಲಿ ಚಾರ್ಜ್ ಒಂಬತ್ತೇ ಪರ್ಸೆಂಟ್ ಇತ್ತು, ಆದರೂ ಎರಡು ಸಲ ಹಾಕಿದೆ.

ಡ್ರಮ್ಮರ್_ಮಗ
ಇನ್ನೊಬ್ಬ ಗಿಟಾರಿನವನು ಜಸ್ಟಿನ್ ಆಡಮ್ಸ್. ಇವನನ್ನು ಮರೆತರೆ ಡ್ರೀಮ್‌ಲ್ಯಾಂಡ್ ಅರ್ಥ ಆಗುವುದಿಲ್ಲ. ಸಹಾರಾದ ತುವಾರೆಗ್ ತಂಡ ತಿನಾರಿವೆನ್ ಗೊತ್ತಲ್ಲ? ಅವರ 2001ರ ಆಲ್ಬಂನ ನಿರ್ಮಾಣದಲ್ಲಿ ಇವನ ಕೈ ಇತ್ತು. 2003ರ ಜನವರಿಯಲ್ಲಿ ಪ್ಲಾಂಟ್ ಮತ್ತು ಆಡಮ್ಸ್ ಮಾಲಿ ದೇಶದ ಎಸ್ಸಾಕಾನೆಗೆ, ಮರುಭೂಮಿಯ ಸಂಗೀತೋತ್ಸವಕ್ಕೆ ಹೋಗಿ ಮರಳ ಮೇಲೆ ನುಡಿಸಿದರು. ಡಿಲನ್‌ನ 'ಒನ್ ಮೋರ್ ಕಪ್ ಆಫ್ ಕಾಫಿ'ಯಲ್ಲಿ ಆ ಉತ್ತರ ಆಫ್ರಿಕಾದ ಗುಂಗು ಕೇಳಿಸುತ್ತದೆ. 'ವಿನ್ ಮೈ ಟ್ರೇನ್ ಫೇರ್ ಹೋಮ್'ನಲ್ಲಿ ಇನ್ನೂ ಜಾಸ್ತಿ. ಒಂದೇ ಸ್ವರದ ಸುತ್ತ ಗಿಟಾರ್ ಗುನುಗುತ್ತಾ ಇರುತ್ತದೆ, ಪ್ಲಾಂಟ್ ಹಳೇ ಬ್ಲೂಸ್ ಸಾಲುಗಳನ್ನು ಅಲ್ಲೊಂದು ಇಲ್ಲೊಂದು ಉದುರಿಸುತ್ತಾ ಹೋಗುತ್ತಾನೆ. ನನಗೆ ಇಡೀ ಆಲ್ಬಂನಲ್ಲಿ ಅತಿ ಇಷ್ಟ ಅದೇ.

ಧಾರವಾಡ_ಪೇಡೆ
ಬೇರೆ ದೇಶದ ಸಂಗೀತ ಬೆರೆಸುವ ಈ ಚಟ ಪ್ಲಾಂಟ್‌ಗೆ ಹಳೇದ್ರೀ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಬಾಂಬೆಗೆ ಬಂದು ಅಲ್ಲಿಯ ವಾದಕರನ್ನು ಕೂಡಿಸಿಕೊಂಡು 'ಫ್ರೆಂಡ್ಸ್' ಮತ್ತು 'ಫೋರ್ ಸ್ಟಿಕ್ಸ್' ರೆಕಾರ್ಡ್ ಮಾಡಿದ್ದರು. ತಬಲಾ, ತಂತಿ ವಾದ್ಯ ಎಲ್ಲ ಇದೆ. ಅದು ಡಬ್ಬದಲ್ಲೇ ಇದ್ದು 2015ರಲ್ಲಿ 'ಕೋಡಾ' ಆಲ್ಬಂನ ಹೊಸ ಆವೃತ್ತಿಯಲ್ಲಿ ಅಧಿಕೃತವಾಗಿ ಹೊರಗೆ ಬಂತು. 'ಫೋರ್ ಸ್ಟಿಕ್ಸ್' ಅಲ್ಲಿ 'ಫೋರ್ ಹ್ಯಾಂಡ್ಸ್' ಆಗಿದೆ. ನಿಜ ಹೇಳಬೇಕೆಂದರೆ ತಾಳ ಕೂಡಿಬರೋಕೆ ಒದ್ದಾಡುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಕೇಳೋಕೆ ಛಲೋ ಇದೆ. ಆಲ್ಬಂನಲ್ಲಿ ವಾದಕರ ಹೆಸರು 'ಬಾಂಬೆ ಆರ್ಕೆಸ್ಟ್ರಾ' ಅಂತ ಅಷ್ಟೇ.

ಬಸವನಗುಡಿ_ಬ್ಲೂಸ್
ಹೆಸರು ಮತ್ತೆ ಗುಂಪಿನಲ್ಲಿ ಗೋವಿಂದ. ನೋಡಿ ಇದನ್ನೇ ನಾನು ಹೇಳಿದ್ದು.

ಹಳೇಕ್ಯಾಸೆಟ್
ಸರಿ, ಈಗ 2025ಕ್ಕೆ ಬರೋಣ. ಸೆಪ್ಟೆಂಬರ್‌ನಲ್ಲಿ ಪ್ಲಾಂಟ್ 'ಸೇವಿಂಗ್ ಗ್ರೇಸ್' ತಂದ, 77ನೇ ವಯಸ್ಸಿನಲ್ಲಿ. ಅದೂ ಬರೀ ಬೇರೆಯವರ ಹಾಡು, ಜಾನಪದ, ಬ್ಲೂಸ್, ಗಾಸ್ಪೆಲ್ ಅನ್ನೋ ಚರ್ಚ್ ಹಾಡು. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಮತ್ತು ವೇಲ್ಸ್ ಗಡಿಯ ಕಡೆ 2019ರಿಂದ 2025ರವರೆಗೆ ಬಿಡುವಾದಾಗ ರೆಕಾರ್ಡ್ ಮಾಡಿದ್ದು. ತಂಡದವರು ಅಲ್ಲೇ ಸುತ್ತಮುತ್ತಲಿನವರು.

ಡ್ರೀಮ್‌ಲ್ಯಾಂಡ್ ಜೊತೆ ಇಟ್ಟು ನೋಡಿದರೆ ನಂಟುಗಳು ಕಾಣಿಸುತ್ತವೆ. ಡ್ರೀಮ್‌ಲ್ಯಾಂಡ್ ಶುರುವಾಗುವುದು 'ಫಿಕ್ಸಿನ್ ಟು ಡೈ'ಯಿಂದ, 'ಸೇವಿಂಗ್ ಗ್ರೇಸ್' ಮುಗಿಯುವುದು 'ಗಾಸ್ಪೆಲ್ ಪ್ಲೌ'ದಿಂದ. ಎರಡೂ ಹಾಡು ಡಿಲನ್‌ನ 1962ರ ಮೊದಲ ಆಲ್ಬಂನಲ್ಲಿದ್ದವು. ಡ್ರೀಮ್‌ಲ್ಯಾಂಡ್‌ನ 'ಸ್ಕಿಪ್ಸ್ ಸಾಂಗ್' ಅಂದರೆ ಮೋಬಿ ಗ್ರೇಪ್ ತಂಡದ 'ಸೀಯಿಂಗ್'. 'ಸೇವಿಂಗ್ ಗ್ರೇಸ್'ನ 'ಇಟ್ಸ್ ಎ ಬ್ಯೂಟಿಫುಲ್ ಡೇ ಟುಡೇ' ಕೂಡ ಅದೇ ತಂಡದ್ದು. ಎರಡೂ 1969ರ ಒಂದೇ ಆಲ್ಬಂನವು! 'ಸೇವಿಂಗ್ ಗ್ರೇಸ್'ನ ಮೊದಲ ಹಾಡು 'ಷೆವ್ರೊಲೆ' ಇದೆಯಲ್ಲ, ಅದರ ಬೇರು ಮೆಂಫಿಸ್ ಮಿನ್ನಿ ಮತ್ತು ಕಾನ್ಸಸ್ ಜೋ 1930ರಲ್ಲಿ ಹಾಡಿದ್ದರಲ್ಲಿದೆ. 'ಲೆವೀ' ಹಾಡಿದ ಅದೇ ಗಂಡ ಹೆಂಡತಿ. ಬ್ಲೈಂಡ್ ವಿಲ್ಲಿ ಜಾನ್ಸನ್‌ನ 'ಸೋಲ್ ಆಫ್ ಎ ಮ್ಯಾನ್' ಕೂಡ ಇದೆ. ಪ್ಲಾಂಟ್‌ನ ಕಪಾಟು ಬದಲಾಗಿಲ್ಲ. ಅದೇ ರೆಕಾರ್ಡುಗಳನ್ನೇ ಐವತ್ತು ವರ್ಷದಿಂದ ತಿರುಗಿಸಿ ಮುರುಗಿಸಿ ಕೇಳುತ್ತಿದ್ದಾನೆ.

ಬದಲಾದದ್ದು ಮೈಕಿನ ಮುಂದೆ ನಿಲ್ಲುವ ರೀತಿ. 'ಟೂ ಫಾರ್ ಫ್ರಂ ಯೂ'ನಲ್ಲಿ ತಂಡದ ಹಾಡುಗಾರ್ತಿ ಸೂಝಿ ಡಿಯನ್ ಮುಂದೆ ನಿಂತು ಹಾಡುತ್ತಾಳೆ, ಇವನು ಹಿಂದೆ ಸರಿದು ದನಿಗೂಡಿಸುತ್ತಾನೆ. ಆಲ್ಬಂ ಮೇಲೂ ಅವಳ ಹೆಸರು ಇವನ ಹೆಸರಿನ ಜೊತೆ ಇದೆ.

ಟೊರಾಂಟೊ_ಕನ್ನಡತಿ
ಹಾಗಾದರೆ ನನಗೆ 'ಸೇವಿಂಗ್ ಗ್ರೇಸ್' ಹೆಚ್ಚು ಹಿಡಿಸಿದ್ದು ಅದಕ್ಕೇ ಇರಬೇಕು. ಡ್ರೀಮ್‌ಲ್ಯಾಂಡ್‌ನ 'ಮಾರ್ನಿಂಗ್ ಡ್ಯೂ'ನಲ್ಲಿ ಗಂಡು ಹೆಣ್ಣು ಇಬ್ಬರ ಮಾತನ್ನೂ ಅವನೇ ಹಾಡುತ್ತಾನೆ. ಅಲ್ಲಿ ಇನ್ನೊಂದು ದನಿ ಬೇಕಿತ್ತು.

ಬಸವನಗುಡಿ_ಬ್ಲೂಸ್
ಅದು ಸರಿಯಾದ ಮಾತು. ನಾನೂ 'ಷೆವ್ರೊಲೆ' ಕೇಳಿದೆ. ಇಲ್ಲಿ ಸುರಿಯುವುದು ಕಮ್ಮಿ, ಉಸಿರಾಡೋಕೆ ಜಾಗ ಇದೆ. ಆದರೂ ಬುಕ್ಕಾ ವೈಟ್ ವಿಷಯದಲ್ಲಿ ನನ್ನ ದೂರು ಹಾಗೇ ಇದೆ.

ಜೆಪ್ಪೆಲಿನ್_ಹುಚ್ಚ
ನೀವೆಲ್ಲ ಏನೇ ಹೇಳಿ. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2ದಲ್ಲಿ ಜೆಪ್ಪೆಲಿನ್‌ನಲ್ಲಿ ಉಳಿದಿದ್ದ ಮೂವರೂ ತೀರಿಕೊಂಡ ಬಾನಮ್‌ನ ಮಗನನ್ನು ಕೂರಿಸಿಕೊಂಡು ನುಡಿಸಿದರು. ಅದಾದ ಮೇಲೆ ಇಡೀ ಪ್ರಪಂಚ ಕಾಯುತ್ತಿತ್ತು. ಇವನು ಮರುವರ್ಷ ಕ್ರೌಸ್ ಜೊತೆ ಪಿಟೀಲು ಕೇಳುತ್ತಾ ಟೂರ್ ಹೋದ. ಅದನ್ನು ನಾನು ಕ್ಷಮಿಸುವುದಿಲ್ಲ.

ಕರಾವಳಿ_ಕಿವಿ
ಕ್ಷಮಿಸಬೇಡ. 'ಪ್ಲೀಸ್ ರೀಡ್ ದ ಲೆಟರ್' ಒಂದು ಸಲ ಕೇಳು. ಅದು ಪೇಜ್ ಜೊತೆ 1998ರಲ್ಲಿ ಮಾಡಿದ್ದ ಹಾಡೇ. ಕ್ರೌಸ್ ಜೊತೆ ಹಾಡಿದ ಮೇಲೆ ಅದಕ್ಕೆ ಗ್ರ್ಯಾಮಿ ಬಂತು.

ಜೆಪ್ಪೆಲಿನ್_ಹುಚ್ಚ
ಗೊತ್ತು. ಪೇಜ್ ಜೊತೆ ಮಾಡಿದ್ದೇ ಚೆನ್ನಾಗಿದೆ.

ಡ್ರಮ್ಮರ್_ಮಗ
ಒಂದು ಪ್ರಶ್ನೆ. 'ಸೇವಿಂಗ್ ಗ್ರೇಸ್'ನಲ್ಲಿ ಬೇಸ್ ಗಿಟಾರ್ ಯಾರು? ತಂಡದವರ ಪಟ್ಟಿಯಲ್ಲಿ ಕಾಣಲಿಲ್ಲ. ಬ್ಯಾಂಜೊ ಇದೆ, ಅಕಾರ್ಡಿಯನ್ ಇದೆ.

ಹಳೇಕ್ಯಾಸೆಟ್
ಬೇಸ್ ವಾದಕ ಅಂತ ಬೇರೆ ಯಾರೂ ಇಲ್ಲ. ಕೆಳಗಿನ ಸ್ವರಕ್ಕೆ ಬಾರ್ನಿ ಮೋರ್ಸ್-ಬ್ರೌನ್‌ನ ಚೆಲ್ಲೋ ಇದೆ. ಜೊತೆಗೆ ಬ್ಯಾರಿಟೋನ್ ಗಿಟಾರ್.

ಡ್ರಮ್ಮರ್_ಮಗ
ಅದಕ್ಕೇ ಡ್ರಮ್ ಅಷ್ಟು ಹಗುರ ಇಟ್ಟಿದ್ದಾರೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿದ್ದೆ, ಚೆಲ್ಲೋ ತಿಳಿಯಲೇ ಇಲ್ಲ. ಭಾನುವಾರ ದೊಡ್ಡ ಸ್ಪೀಕರ್‌ನಲ್ಲಿ ಹಾಕಿ ಬಂದು ಬರೆಯುತ್ತೇನೆ. ಪಕ್ಕದ ಮನೆಯವರು ಬೈಯದಿದ್ದರೆ.